ಗಾಳಿಮಾತಿನ ಹಾಡು ಮೊದಲು ಯಾರದು?

ಪ್ರಶ್ನೆ: ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಹಾಡು ಮೂಲದಲ್ಲಿ ಮಾರ್ವಿನ್ ಗೇ ಅವರದು ಎಂದುಕೊಂಡಿದ್ದೆ. ಒಬ್ಬ ಗೆಳೆಯ ಗ್ಲ್ಯಾಡಿಸ್ ನೈಟ್ ಅವರದು ಎನ್ನುತ್ತಾನೆ, ಇನ್ನೊಬ್ಬ ಸ್ಮೋಕಿ ರಾಬಿನ್ಸನ್ ಅವರದು ಎನ್ನುತ್ತಾನೆ. ಯಾರು ಸರಿ? ನಮ್ಮದು ಐದು ಜನರ ಬ್ಯಾಂಡು: ಗಾಯಕ, ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್. ಈ ಹಾಡನ್ನು ಕಲಿಯುತ್ತಿದ್ದೇವೆ. ಸ್ವರಗಳೆಲ್ಲ ಸರಿಯಿವೆ ಅನ್ನಿಸುತ್ತದೆ, ಆದರೂ ಹಾಡು ಸಪ್ಪೆ. ಯಾವ ಆವೃತ್ತಿಯನ್ನು ಹಿಡಿಯಬೇಕು? ಹಾಡಿ ವಿಡಿಯೊ ಹಾಕಲು ಅನುಮತಿ ಬೇಕೆ?

ಉತ್ತರ: ನಿಮ್ಮ ಗೆಳೆಯರಿಬ್ಬರೂ ಸರಿ. ಇಬ್ಬರೂ ಬೇರೆ ಬೇರೆ ದಿನವನ್ನು ಲೆಕ್ಕಕ್ಕೆ ಹಿಡಿದಿದ್ದಾರೆ, ಅಷ್ಟೆ. ಸ್ಟುಡಿಯೊದಲ್ಲಿ ಮೊದಲು ಹಾಡಿದವರು ಸ್ಮೋಕಿ ರಾಬಿನ್ಸನ್ ಮತ್ತು ಅವರ ಮಿರಕಲ್ಸ್ ತಂಡ, 1966ರ ಆಗಸ್ಟ್‌ನಲ್ಲಿ. ಅಂಗಡಿಗೆ ಮೊದಲು ಬಂದ ರೆಕಾರ್ಡು ಗ್ಲ್ಯಾಡಿಸ್ ನೈಟ್ ಅಂಡ್ ದ ಪಿಪ್ಸ್ ಅವರದು, 1967ರ ಸೆಪ್ಟೆಂಬರ್‌ನಲ್ಲಿ. ಮಾರ್ವಿನ್ ಗೇ ಈ ಎರಡರ ನಡುವೆ, 1967ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಾಡಿದರು. ಆದರೆ ಆ ಟೇಪು ಹದಿನಾರು ತಿಂಗಳು ಹೊರಗೆ ಬರಲೇ ಇಲ್ಲ. ಹೀಗಾಗಿ ಗೇ ಅವರದು ಗ್ಲ್ಯಾಡಿಸ್ ನೈಟ್ ಹಾಡಿನ ಕವರ್, ಅಂದರೆ ಮರುಗಾಯನ, ಎಂದು ಎಷ್ಟೋ ಕಡೆ ಬರೆದಿರುವುದು ತಪ್ಪು. ಗೇ ಹಾಡಿ ಮುಗಿಸಿದಾಗ ಗ್ಲ್ಯಾಡಿಸ್ ಇನ್ನೂ ಹಾಡಿರಲಿಲ್ಲ.

ಒಂದೇ ಹಾಡನ್ನು ಒಂದೇ ಕಂಪನಿ ಒಂದು ವರ್ಷದೊಳಗೆ ಮೂವರಿಂದ ಹಾಡಿಸಿದ್ದೇಕೆ ಎಂಬುದು ಗೊತ್ತಾದರೆ ಉಳಿದದ್ದು ಸುಲಭ. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಒಡೆಯ ಬೆರಿ ಗೋರ್ಡಿ. ಹಾಡುಗಳ ಪ್ರಕಾಶನದ ಹಕ್ಕು ಅವರದೇ ಜೋಬೀಟ್ ಸಂಸ್ಥೆಯಲ್ಲಿತ್ತು. ಹಾಡು ಯಾರ ಬಾಯಲ್ಲಿ ಗೆದ್ದರೂ ಪ್ರಕಾಶನದ ಹಣ ಮನೆಗೇ ಬರುತ್ತಿತ್ತು. ನಿರ್ಮಾಪಕನಿಗೂ ಅಷ್ಟೇ: ಒಬ್ಬರಲ್ಲಿ ಕೂಡದಿದ್ದರೆ ಇನ್ನೊಬ್ಬರಲ್ಲಿ ನೋಡಬಹುದು. ವಾರಕ್ಕೊಮ್ಮೆ ಕಂಪನಿಯ ‘ಕ್ವಾಲಿಟಿ ಕಂಟ್ರೋಲ್’ ಸಭೆ ಸೇರುತ್ತಿತ್ತು. ಯಾವ ಟೇಪು ರೆಕಾರ್ಡಾಗಿ ಹೊರಡಬೇಕೆಂದು ಅಲ್ಲಿ ಮತ ಹಾಕುತ್ತಿದ್ದರು. ಗ್ರೇಪ್‌ವೈನ್ ಹಾಡಿನ ಹಣೆಬರಹ ತಿರುಗಿದ್ದು ಆ ಸಭೆಯಲ್ಲಿ.

ಹಾಡಿನ ಹೊಳಹು ಬ್ಯಾರೆಟ್ ಸ್ಟ್ರಾಂಗ್ ಅವರದು. 1959ರಲ್ಲಿ ‘ಮನಿ’ ಹಾಡಿ ಗೋರ್ಡಿಯ ಕಂಪನಿಗೆ ಮೊದಲ ದೊಡ್ಡ ಗೆಲುವು ತಂದುಕೊಟ್ಟವರು ಇವರೇ. ಶಿಕಾಗೊದಲ್ಲಿದ್ದಾಗ ಜನರ ಬಾಯಲ್ಲಿ ಈ ನುಡಿಗಟ್ಟು ಮತ್ತೆ ಮತ್ತೆ ಕೇಳಿಬಂದು ಹಾಡಿಗೆ ಬೀಜವಾಯಿತು. ಡೆಟ್ರಾಯಿಟ್‌ಗೆ ಮರಳಿ ಮೋಟೌನಿನ ನಿರ್ಮಾಪಕ ನಾರ್ಮನ್ ವಿಟ್‌ಫೀಲ್ಡ್ ಜೊತೆ ಸೇರಿ ಅದನ್ನು ಪೂರ್ತಿ ಮಾಡಿದರು. ಗ್ರೇಪ್‌ವೈನ್ ಎಂದರೆ ದ್ರಾಕ್ಷಿಬಳ್ಳಿ. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ‘ದ್ರಾಕ್ಷಿಬಳ್ಳಿಯ ತಂತಿ’ ಎಂಬ ಮಾತು ಬಳಕೆಯಲ್ಲಿತ್ತು. ಗುಲಾಮರು ಬಾಯಿಂದ ಬಾಯಿಗೆ ಸುದ್ದಿ ದಾಟಿಸಿಕೊಳ್ಳುತ್ತಿದ್ದ ಬಗೆಯನ್ನು ಬುಕರ್ ಟಿ. ವಾಷಿಂಗ್ಟನ್ ತಮ್ಮ ಆತ್ಮಕಥೆಯಲ್ಲಿ ಇದೇ ಹೆಸರಿನಿಂದ ಕರೆದಿದ್ದಾರೆ. ನಮ್ಮಲ್ಲಿ ಗಾಳಿಮಾತು ಅನ್ನುತ್ತೇವೆ. ಹಾಡಿನೊಳಗಿನ ನೋವೂ ಅದೇ: ಪ್ರೀತಿಸಿದವಳು ಬಿಟ್ಟುಹೋಗುವುದಕ್ಕಿಂತ ಅವಳು ಅದನ್ನು ತನ್ನ ಬಾಯಿಂದ ಹೇಳಲಿಲ್ಲ, ಊರ ಬಾಯಿಂದ ಕೇಳಬೇಕಾಯಿತು ಎಂಬ ಸಂಕಟ. ಇದನ್ನು ನೆನಪಿನಲ್ಲಿಡಿ. ನಿಮ್ಮ ಹಾಡು ಸಪ್ಪೆಯಾಗುವುದಕ್ಕೂ ಇದಕ್ಕೂ ನಂಟಿದೆ.

ಮಿರಕಲ್ಸ್ ಮುದ್ರಣ ಆಗ ಬಿಡುಗಡೆಯಾಗಲಿಲ್ಲ. 1968ರ ‘ಸ್ಪೆಷಲ್ ಅಕೇಷನ್’ ಆಲ್ಬಮಿನಲ್ಲಿ ಒಂದು ಹಾಡಾಗಿ ಬಂತು. ಮುಂದೆ ವಿಟ್‌ಫೀಲ್ಡ್ ಮಾರ್ವಿನ್ ಗೇ ಅವರನ್ನು ಹಿಡಿದರು. ಶ್ರುತಿಯನ್ನು ಗೇ ಅವರ ಗಂಟಲಿಗೆ ಹಿತವಾದ ಮಟ್ಟಕ್ಕಿಂತ ಬೇಕೆಂದೇ ಮೇಲಿಟ್ಟರು. ಹಿಂದಿನ ವರ್ಷ ‘ಏಂಟ್ ಟೂ ಪ್ರೌಡ್ ಟು ಬೆಗ್’ ಹಾಡಿನಲ್ಲಿ ಟೆಂಪ್ಟೇಷನ್ಸ್ ತಂಡದ ಡೇವಿಡ್ ರಫಿನ್ ಅವರ ಮೇಲೆ ಇದೇ ಉಪಾಯ ಮಾಡಿ ಗೆದ್ದಿದ್ದರು. ಗೇ ಜಗಳವಾಡಿದರು, ಆಮೇಲೆ ಒಪ್ಪಿ ಹಾಡಿದರು. ಆ ಮೇಲಿನ ಸ್ವರಗಳಲ್ಲಿ ನಿಮಗೆ ಕೇಳುವ ಒರಟು ಗಂಟಲಿಗೆ ಕಾರಣ ಇದು. ಕೆಳಗೆ ಹಾಸಿಕೊಟ್ಟವರು ಮೋಟೌನಿನ ಮನೆವಾದ್ಯಗಾರರಾದ ಫಂಕ್ ಬ್ರದರ್ಸ್. ಬೇಸಿನಲ್ಲಿ ಜೇಮ್ಸ್ ಜೇಮರ್ಸನ್, ಕಂಜಿರದಂಥ ಗಿಲಕಿವಾದ್ಯ ಟ್ಯಾಂಬೊರಿನ್‌ಗೆ ಜ್ಯಾಕ್ ಆಶ್‌ಫರ್ಡ್. ತಂತಿವಾದ್ಯಗಳ ಏರ್ಪಾಡು ಪಾಲ್ ರೈಸರ್ ಅವರದು, ನುಡಿಸಿದವರು ಡೆಟ್ರಾಯಿಟ್ ಸಿಂಫನಿಯವರು. ಹಿಂದೆ ದನಿಗೂಡಿಸಿದ ಮೂವರು ಹೆಂಗಸರು ಆಂಡಾಂಟೀಸ್.

ಸಭೆಗೆ ಈ ಟೇಪು ಹೋಯಿತು. ಸಭೆ ಗೇ ಅವರ ಇನ್ನೊಂದು ಹಾಡಾದ ‘ಯುವರ್ ಅನ್‌ಚೇಂಜಿಂಗ್ ಲವ್’ ಅನ್ನು ಆರಿಸಿತು. ವಿಟ್‌ಫೀಲ್ಡ್ ಹಾಡನ್ನು ಬಿಡುವ ಮನುಷ್ಯನಲ್ಲ. ಅದೇ ಹೊತ್ತಿಗೆ ಅರೀಥಾ ಫ್ರಾಂಕ್ಲಿನ್ ಅವರ ‘ರೆಸ್ಪೆಕ್ಟ್’ ದೇಶವನ್ನೇ ಕುಣಿಸುತ್ತಿತ್ತು. ಆ ಕಾವು ತಮಗೂ ಬೇಕೆಂದು ಹಾಡನ್ನು ಪೂರ್ತಿ ಬಿಚ್ಚಿ ಗ್ಲ್ಯಾಡಿಸ್ ನೈಟ್ ತಂಡಕ್ಕೆ ಕೊಟ್ಟರು. ಅವರು ವಾರಗಟ್ಟಲೆ ಕೂತು ದನಿಗಳನ್ನು ಹೊಂದಿಸಿಕೊಂಡು, 1967ರ ಜೂನ್‌ನಲ್ಲಿ ಹಾಡಿದರು. ಚರ್ಚಿನ ಪಿಯಾನೊ, ಮುನ್ನುಗ್ಗುವ ಡ್ರಮ್ಸ್, ಹೆಜ್ಜೆಹೆಜ್ಜೆಗೂ ಬಾಯಿ ಹಾಕುವ ಪಿಪ್ಸ್. ಈ ರೆಕಾರ್ಡು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆರ್‌ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು, ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು.

ಗೇ ಅವರ ಟೇಪು 1968ರ ಆಗಸ್ಟ್‌ನಲ್ಲಿ ‘ಇನ್ ದ ಗ್ರೂವ್’ ಆಲ್ಬಮಿನ ಒಂದು ಹಾಡಾಗಿ ಹೊರಬಂತು. ರೇಡಿಯೊದವರು ಆಲ್ಬಮಿನಿಂದ ಅದೊಂದನ್ನೇ ಎತ್ತಿ ಹಾಕತೊಡಗಿದರು, ಕೇಳುಗರ ಫೋನು ನಿಲ್ಲಲಿಲ್ಲ. ಅಕ್ಟೋಬರ್ ಕೊನೆಗೆ ಗೋರ್ಡಿ ಅದನ್ನು ಸಿಂಗಲ್, ಅಂದರೆ ಬಿಡಿ ರೆಕಾರ್ಡು, ಆಗಿ ಬಿಡಬೇಕಾಯಿತು. ಡಿಸೆಂಬರ್‌ನಲ್ಲಿ ಮೊದಲ ಸ್ಥಾನಕ್ಕೆ ಏರಿ ಏಳು ವಾರ ಅಲ್ಲೇ ನಿಂತಿತು. ಪಾಪ್ ಪಟ್ಟಿಯಲ್ಲಿ ಗೇ ಅವರಿಗೆ ಅದೇ ಮೊದಲ ಅಗ್ರಸ್ಥಾನ. 1969ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲೂ ಮೊದಲನೆಯದಾಯಿತು. ಆಲ್ಬಮಿನ ಹೆಸರನ್ನೇ ಹಾಡಿನ ಹೆಸರಿಗೆ ಬದಲಿಸಿದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಲೇಬೇಕು. ಗೇ ಅವರ ಜೊತೆಗಾಯಕಿ ಟ್ಯಾಮಿ ಟೆರೆಲ್ ವೇದಿಕೆಯಲ್ಲಿ ಕುಸಿದುಬಿದ್ದ ದುಃಖವೇ ಈ ಹಾಡಿನ ದನಿಯಲ್ಲಿದೆ ಎಂದು ಬರೆಯುವವರಿದ್ದಾರೆ. ಟ್ಯಾಮಿ ಕುಸಿದದ್ದು 1967ರ ಅಕ್ಟೋಬರ್‌ನಲ್ಲಿ. ಹಾಡು ಮುದ್ರಣವಾಗಿ ಆಗಲೇ ಆರು ತಿಂಗಳಾಗಿತ್ತು. ಬಿಡುಗಡೆಯ ದಿನಾಂಕದಿಂದ ಲೆಕ್ಕ ಹಾಕಿದವರು ಮಾಡಿದ ಎಡವಟ್ಟು ಇದು. ಹಾಡಿನ ಚರಿತ್ರೆ ಓದುವಾಗ ಮುದ್ರಣದ ದಿನ ಬೇರೆ, ಬಿಡುಗಡೆಯ ದಿನ ಬೇರೆ ಎಂಬುದನ್ನು ಯಾವಾಗಲೂ ಗಮನಿಸಿ.

ಈಗ ನಿಮ್ಮ ಬ್ಯಾಂಡಿಗೆ ಬರೋಣ.

ಕೇಳುವುದರಿಂದ ಶುರುಮಾಡಿ, ಆದರೆ ಸರಿಯಾದ ಮುದ್ರಣವನ್ನು ಕೇಳಿ. ಆ್ಯಪ್‌ಗಳಲ್ಲಿ ಇದೇ ಹೆಸರಿನಡಿ ವೇದಿಕೆಯ ಮುದ್ರಣ, ಮರುಮಿಶ್ರಣ, ಕಂಠ ಮಾತ್ರ ಉಳಿಸಿದ್ದು, ಎಲ್ಲ ಕಲೆಸಿಹೋಗಿವೆ. ಗೇ ಅವರದಾದರೆ ‘ಇನ್ ದ ಗ್ರೂವ್’ ಆಲ್ಬಮಿನದನ್ನು ಹಿಡಿಯಿರಿ, ಮೂರು ನಿಮಿಷ ಕಾಲು ಚಿಲ್ಲರೆ ಉದ್ದ. ಗ್ಲ್ಯಾಡಿಸ್ ಅವರದು 1967ರ ‘ಎವ್ರಿಬಡಿ ನೀಡ್ಸ್ ಲವ್’ ಆಲ್ಬಮಿನಲ್ಲಿದೆ. ನಿಮಿಷಕ್ಕೆ 45 ಸುತ್ತು ತಿರುಗುವ ಹಳೆಯ ರೆಕಾರ್ಡು ಕೈಗೆ ಸಿಕ್ಕರೆ ಗುರುತು ಹೀಗೆ: ಗೇ ಅವರದು ಟ್ಯಾಮ್ಲಾ ಲೇಬಲ್ 54176, ಗ್ಲ್ಯಾಡಿಸ್ ಅವರದು ಸೋಲ್ ಲೇಬಲ್ 35039.

ಎರಡನ್ನೂ ಬೆನ್ನಿಗೆ ಬೆನ್ನು ಕೇಳಿ, ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಗಳಿಗೆಯಲ್ಲಿ ಹಾಡುತ್ತಿರುವವರಿಗೆ ಸುದ್ದಿ ಎಷ್ಟು ಖಚಿತ? ಗ್ಲ್ಯಾಡಿಸ್‌ಗೆ ಪೂರ್ತಿ ಖಚಿತ. ಎದುರಿಗೆ ನಿಲ್ಲಿಸಿಕೊಂಡು ಲೆಕ್ಕ ಕೇಳುತ್ತಿದ್ದಾರೆ, ಪಿಪ್ಸ್ ಎಂಬ ಓಣಿಯ ಜನ ಹೌದೌದು ಎನ್ನುತ್ತಿದ್ದಾರೆ. ಗೇ ಅವರಿಗೆ ಖಚಿತವಿಲ್ಲ. ಮೂರನೆಯ ಚರಣದಲ್ಲಿ ಅವರು ಹಾಡುವುದು ಹೆಚ್ಚುಕಡಿಮೆ ನಮ್ಮ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನೇ. ಹಾಗೆಂದು ತಿಳಿದಿದ್ದರೂ ತಲೆ ಕೆಡುತ್ತಿದೆ. ಆದ್ದರಿಂದಲೇ ಅಲ್ಲಿ ವಾದ್ಯಗಳು ಹೊಂಚು ಹಾಕಿದಂತೆ ಕಾಯುತ್ತವೆ, ಆಂಡಾಂಟೀಸರ ದನಿ ಗೋಡೆಯಾಚೆಯಿಂದ ಬಂದಂತಿರುತ್ತದೆ. ಎರಡನ್ನೂ ಬೆರೆಸಲು ಹೋದರೆ ಎರಡೂ ಕೆಡುತ್ತವೆ. ಗೇ ಅವರ ಸ್ವರ ಹಿಡಿದು ಗ್ಲ್ಯಾಡಿಸ್ ಅವರ ಆವೇಶದಲ್ಲಿ ಹಾಡುವ ಬ್ಯಾಂಡುಗಳೇ ಹೆಚ್ಚು. ಸಪ್ಪೆಯಾಗುವುದಕ್ಕೆ ಮೊದಲ ಕಾರಣ ಬಹುಪಾಲು ಇದೇ. ಮೊದಲ ಸಾಲಿನಿಂದಲೇ ಕೂಗಿದರೆ ಮೂರನೇ ಚರಣಕ್ಕೆ ಉಳಿಯುವುದೇನು?

ನಿಮ್ಮ ತಂಡದಲ್ಲಿ ಹಿಂದನಿಗೆ ಮೂರು ಗಟ್ಟಿ ಕಂಠ ಇಲ್ಲದಿದ್ದರೆ ಗ್ಲ್ಯಾಡಿಸ್ ಆವೃತ್ತಿಯನ್ನು ಮುಟ್ಟಬೇಡಿ. ಅದರ ಅರ್ಧ ಪ್ರಾಣ ಪಿಪ್ಸ್. ಐದು ಜನಕ್ಕೆ ಗೇ ಅವರದೇ ಸರಿ.

ಸ್ವರಗಳೆಲ್ಲ ಸರಿ ಎಂದಿದ್ದೀರಿ. ಇನ್ನೊಮ್ಮೆ ನೋಡಿ. ಗೇ ಅವರ ಶ್ರುತಿ ಇ ಫ್ಲಾಟ್ ಮೈನರ್. ಗಿಟಾರಿಗೆ ಅನುಕೂಲವೆಂದು ಇ ಮೈನರ್‌ಗೆ ತಂದುಕೊಂಡರೆ ಚರಣದ ಎರಡು ಸಾಲುಗಳಿಗೆ ಇ ಮೈನರ್, ಬಿ ಸೆವೆನ್, ಎ. ಆಮೇಲೆ ಸುದ್ದಿ ಕೇಳಿ ಬೆರಗಾದೆ ಎನ್ನುವ ಸಾಲಿಗೆ ಸಿ ಶಾರ್ಪ್ ಮೈನರ್, ಎ. ಅಲ್ಲಿಂದ ಇ ಮೈನರ್, ಎ. ಪಲ್ಲವಿ ಇ ಮೈನರ್ ಮತ್ತು ಎ ನಡುವೆಯೇ ತೂಗುತ್ತದೆ. ಒಟ್ಟು ನಾಲ್ಕೇ ಕಾರ್ಡು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ. ತಪ್ಪುವುದು ಎರಡು ಕಡೆ. ಮೈನರ್ ಹಾಡಲ್ಲವೇ ಎಂದು ಎ ಜಾಗದಲ್ಲಿ ಎ ಮೈನರ್ ಹಾಕುತ್ತಾರೆ. ಸಿ ಶಾರ್ಪ್ ಮೈನರ್ ಜಾಗದಲ್ಲಿ ಸಿ ಮೇಜರ್ ಹಿಡಿಯುತ್ತಾರೆ. ಎರಡರಲ್ಲೂ ಮುಖ್ಯವಾಗಿ ಕೆಡುವುದು ಒಂದೇ ಸ್ವರ, ಧೈವತ. ಇ ಷಡ್ಜವಾದರೆ ಸಿ ಶಾರ್ಪ್ ಚತುಶ್ರುತಿ ಧೈವತ, ಸಿ ಶುದ್ಧ ಧೈವತ. ಕರ್ನಾಟಕ ಸಂಗೀತ ಕಲಿತವರು ನಿಮ್ಮಲ್ಲಿದ್ದರೆ ಒಂದೇ ಮಾತಿನಲ್ಲಿ ಹೇಳಬಹುದು: ಈ ಹಾಡಿನ ಸ್ವರಸ್ಥಾನಗಳು ಖರಹರಪ್ರಿಯದವು, ನೀವು ನಟಭೈರವಿ ನುಡಿಸುತ್ತಿದ್ದೀರಿ. ಬಿ ಸೆವೆನ್‌ನಲ್ಲಿ ಕಾಕಲಿ ನಿಷಾದ, ಸಿ ಶಾರ್ಪ್ ಮೈನರ್‌ನಲ್ಲಿ ಅಂತರ ಗಾಂಧಾರ ಮಾತ್ರ ಇಣುಕಿ ಹೋಗುತ್ತವೆ. ಶುದ್ಧ ಧೈವತ ಬಂದೊಡನೆ ಹಾಡು ಬರೀ ಅಳುವ ಹಾಡಾಗುತ್ತದೆ. ಚತುಶ್ರುತಿ ಧೈವತದಲ್ಲಿ ಇನ್ನೂ ಆಸೆಯ ಎಳೆಯೊಂದು ಉಳಿದಿರುತ್ತದೆ, ಅದು ಹೋಗಬಾರದು. (ರಾಗದ ಹೋಲಿಕೆ ಸ್ವರಸ್ಥಾನಕ್ಕೆ ಮಾತ್ರ. ಗಮಕ ಹಾಕಲು ಹೋಗಬೇಡಿ, ಇಲ್ಲಿನ ಕೊಂಕುಗಳ ದಾರಿಯೇ ಬೇರೆ.)

ಮುಂದಿನದು ಲಯ. ಗೇ ಅವರ ಹಾಡು ನಿಮಿಷಕ್ಕೆ ಸುಮಾರು 117 ಮಿಡಿತ. ಅದು ಕೇಳಲು ಇದಕ್ಕಿಂತ ನಿಧಾನವೆನಿಸುತ್ತದೆ, ಏಕೆಂದರೆ ವಾದ್ಯಗಾರರು ಜಾಗ ಬಿಟ್ಟು ನುಡಿಸಿದ್ದಾರೆ. ಬೇರೆ ಹಾಡುಗಳಲ್ಲಿ ಬೆರಳು ನಿಲ್ಲಿಸದ ಜೇಮರ್ಸನ್ ಇಲ್ಲಿ ಎಷ್ಟು ಕಡಿಮೆ ನುಡಿಸಿದ್ದಾರೆ ನೋಡಿ. ಡ್ರಮ್ಸ್‌ನಲ್ಲಿ ಸಿಂಬಲ್‌ಗಿಂತ ಟಾಮ್‌ಗಳ ಮಂದ ಮಿಡಿತವೇ ಮುಂದೆ. ಆ ಮಿಡಿತಕ್ಕೆ ಹೊಳಪು ಕೊಡುವುದು ಟ್ಯಾಂಬೊರಿನ್. ಅದಿಲ್ಲದೆ ಈ ಹಾಡಿಲ್ಲ. ನಿಮ್ಮಲ್ಲಿ ಅದನ್ನು ನುಡಿಸುವವರಿಲ್ಲ. ಗಾಯಕನ ಕೈಗೆ ಕೊಡಬೇಡಿ, ಉಸಿರು ಎಳೆದುಕೊಂಡಾಗೆಲ್ಲ ಕೈ ತಡವಾಗುತ್ತದೆ. ಗಿಟಾರಿನವರು ಮೊದಲ ಚರಣದಲ್ಲಿ ಗಿಟಾರ್ ಕೆಳಗಿಟ್ಟು ಟ್ಯಾಂಬೊರಿನ್ ಹಿಡಿಯಲಿ. ಈ ಸಲಹೆ ಗಿಟಾರಿನವರಿಗೆ ಹಿಡಿಸುವುದಿಲ್ಲ. ಆದರೆ ಈ ಹಾಡಿನ ಮೊದಲ ಚರಣದಲ್ಲಿ ಗಿಟಾರಿಗೆ ತುಂಬ ಕೆಲಸವಿಲ್ಲ, ಖಾಲಿ ಜಾಗ ತುಂಬಿಸುವ ಆಸೆಯೇ ಹಾಡನ್ನು ಕೆಡಿಸುತ್ತದೆ.

ಕೀಬೋರ್ಡಿನಲ್ಲಿ ವುರ್ಲಿಟ್ಸರ್ ಎಲೆಕ್ಟ್ರಿಕ್ ಪಿಯಾನೊ ದನಿ ಆರಿಸಿ. ಮೊದಲಿಗೇ ಕೇಳುವ ಆ ಕಪ್ಪು ತುಣುಕು ಅದರದೇ. ಮಾಮೂಲಿ ಪಿಯಾನೊ ದನಿ ಇಟ್ಟರೆ ಹಾಡು ಬೆಳಗಾದಂತೆ ಹೊಳೆಯುತ್ತದೆ, ಇಲ್ಲಿ ಬೇಕಿರುವುದು ಮುಸ್ಸಂಜೆ. ಪಿಟೀಲುಗಳ ದನಿಯನ್ನು ಬಲಗೈಯಲ್ಲಿ ಇಡಬಹುದು, ಆದರೆ ಎರಡನೇ ಪಲ್ಲವಿಯ ನಂತರದ ವಾದ್ಯಭಾಗದವರೆಗೆ ತರಬೇಡಿ.

ಅಭ್ಯಾಸ ಹೀಗೆ ಮಾಡಿ. ಮೊದಲ ದಿನ ಬೇಸ್, ಟ್ಯಾಂಬೊರಿನ್, ಕಂಠ, ಮೂರೇ. ಇವು ಮೂರರ ಮೇಲೆ ಹಾಡು ನಿಲ್ಲದಿದ್ದರೆ ಬೇರೆ ಯಾವ ವಾದ್ಯವೂ ಎತ್ತಿ ನಿಲ್ಲಿಸಲಾರದು. ಎರಡನೆಯ ದಿನ ಡ್ರಮ್ಸ್, ಕೀಬೋರ್ಡ್. ಕೊನೆಗೆ ಗಿಟಾರ್. ಪ್ರತಿಸಲವೂ ಫೋನಿನಲ್ಲಿ ಮುದ್ರಿಸಿಕೊಂಡು ಮೊದಲ ಚರಣದ ಮತ್ತು ಕೊನೆಯ ಪಲ್ಲವಿಯ ವೇಗವನ್ನು ಮೆಟ್ರೊನೋಮ್ ಆ್ಯಪ್‌ನಲ್ಲಿ ಅಳೆಯಿರಿ. 117ರಲ್ಲಿ ಹೊರಟು 123ಕ್ಕೆ ಮುಗಿಸಿದ್ದರೆ ಓಡುತ್ತಿದ್ದೀರಿ. ಓಟ ಶುರುವಾಗುವುದು ಸಾಮಾನ್ಯವಾಗಿ ಪಲ್ಲವಿಗೆ ದಾಟುವ ಡ್ರಮ್ ಹೊರಳಿನಲ್ಲಿ. ಒಂದು ವಾರ ಆ ಹೊರಳನ್ನೇ ಬಿಟ್ಟು ನುಡಿಸಿ ನೋಡಿ.

ಗಾಯಕರ ಶ್ರುತಿಗೆ ವಿಟ್‌ಫೀಲ್ಡ್ ಉಪಾಯವನ್ನು ಎಚ್ಚರದಿಂದ ಬಳಸಿ. ಹಾಡಿನ ಅತಿ ಮೇಲಿನ ಸ್ವರ ನಿರಾಯಾಸವಾಗಿ ಬರುವ ಶ್ರುತಿಯನ್ನು ಮೊದಲು ಹುಡುಕಿ, ಅದಕ್ಕಿಂತ ಅರ್ಧ ಸ್ವರ, ಹೆಚ್ಚೆಂದರೆ ಒಂದು ಸ್ವರ ಏರಿಸಿ. ಅದಕ್ಕೂ ಮೇಲೆ ಹೋದರೆ ಗಂಟಲು ಬಿಗಿದು ಕಿರುಚಲು ಬರುತ್ತದೆಯೇ ಹೊರತು ಭಾವ ಬರುವುದಿಲ್ಲ. ಏರಿಸಿದ ಶ್ರುತಿಯಲ್ಲಿ ದಿನಕ್ಕೆ ಎರಡು ಮೂರು ಸಲಕ್ಕಿಂತ ಪೂರ್ತಿ ದನಿಯಲ್ಲಿ ಹಾಡಬೇಡಿ, ಉಳಿದ ಅಭ್ಯಾಸ ಕೆಳಗಿನ ಶ್ರುತಿಯಲ್ಲಿರಲಿ. ದನಿ ಒಡೆಯುವುದು ಎರಡನೇ ಚರಣದಲ್ಲಿ, ಗಂಡಸು ಅಳಬಾರದೆಂದು ಗೊತ್ತಿದ್ದೂ ಕಣ್ಣೀರು ತಡೆಯಲಾರೆ ಎನ್ನುವಲ್ಲಿ ಮೊದಲ ಸಲ ಕೇಳಲಿ, ಅದಕ್ಕೆ ಮುಂಚೆ ಬೇಡ.

ಇವೆಲ್ಲ ಬೇಡ, ಹೊಸದೇ ಏನಾದರೂ ಮಾಡಬೇಕು ಅನ್ನಿಸಿದರೆ ಹಾಗೆ ಮಾಡಿ ಗೆದ್ದವರನ್ನು ಕೇಳಿ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ 1970ರ ‘ಕಾಸ್ಮೋಸ್ ಫ್ಯಾಕ್ಟರಿ’ ಆಲ್ಬಮಿನಲ್ಲಿ ಇದನ್ನು ಹನ್ನೊಂದು ನಿಮಿಷಕ್ಕೆ ಎಳೆದರು. ತಂತಿವಾದ್ಯವಿಲ್ಲ, ಹಿಂದನಿಯ ಹೆಂಗಸರಿಲ್ಲ, ಬೇಸ್ ಮತ್ತು ಡ್ರಮ್ಸ್ ಕದಲದೆ ಸುತ್ತುತ್ತವೆ, ಮೇಲೆ ಜಾನ್ ಫೊಗರ್ಟಿ ಗಿಟಾರ್ ಅಲೆಯುತ್ತದೆ. ಒಂದೇ ಸುದ್ದಿ ರಾತ್ರಿಯಿಡೀ ತಲೆಯಲ್ಲಿ ಸುತ್ತಿದಂತೆ. ನಾಲ್ಕು ಜನ ಸಾಕು ಎಂಬುದಕ್ಕೆ ಇದೇ ಸಾಕ್ಷಿ, ಆದರೆ ಆ ಉದ್ದಕ್ಕೆ ಡ್ರಮ್ಸ್‌ನವರ ಕೈ ಗಡಿಯಾರದಂತಿರಬೇಕು. 1979ರಲ್ಲಿ ಲಂಡನ್ನಿನ ಹುಡುಗಿಯರ ತಂಡ ದ ಸ್ಲಿಟ್ಸ್ ‘ಟಿಪಿಕಲ್ ಗರ್ಲ್ಸ್’ ರೆಕಾರ್ಡಿನ ಹಿಂಬದಿಗೆ ಇದನ್ನು ರೆಗೆಯ ಬೇಸಿನ ಮೇಲೆ ಕೂರಿಸಿದರು. ದಿಟ್ಟತನದಲ್ಲಿ ಇದನ್ನು ಮೀರಿಸಿದ ಕವರ್ ಇಲ್ಲವೆಂಬುದು ಈ ಉತ್ತರಿಸುವವರ ಅಭಿಪ್ರಾಯ: ದುಃಖವನ್ನು ಬದಿಗಿಟ್ಟು ಗಾಳಿಮಾತಿನ ಗಲಿಬಿಲಿಯನ್ನೇ ಹಾಡಿದ್ದಾರೆ. ರಾಜರ್ ಟ್ರೌಟ್‌ಮನ್ 1981ರಲ್ಲಿ ಬಾಯಿಗೆ ಕೊಳವೆ ಇಟ್ಟುಕೊಂಡು ಹಾಡುವ ಟಾಕ್‌ಬಾಕ್ಸ್ ಬಳಸಿ ಇದನ್ನು ಯಂತ್ರದ ದನಿಯ ಫಂಕ್ ಮಾಡಿ, ಮತ್ತೊಮ್ಮೆ ಆರ್‌ ಅಂಡ್ ಬಿ ಪಟ್ಟಿಯ ತುದಿಗೆ ಒಯ್ದರು. 1986ರಲ್ಲಿ ಕ್ಯಾಲಿಫೋರ್ನಿಯದ ಒಣದ್ರಾಕ್ಷಿ ಬೆಳೆಗಾರರ ಜಾಹೀರಾತಿನಲ್ಲಿ ಮಣ್ಣಿನ ದ್ರಾಕ್ಷಿಗೊಂಬೆಗಳು ಇದಕ್ಕೆ ಕುಣಿದವು, ಹಾಡಿದವರು ಬಡಿ ಮೈಲ್ಸ್. ಟೆಂಪ್ಟೇಷನ್ಸ್, ಎಲಾ ಫಿಟ್ಸ್‌ಜೆರಲ್ಡ್ ಕೂಡ ಹಾಡಿದ್ದಾರೆ, ಕೇಳಬಹುದು, ಕಲಿಯಲು ಅಷ್ಟು ಸಿಗುವುದಿಲ್ಲ.

ಅನುಮತಿಯ ಮಾತು. ಹಾಡಿನ ಸಾಹಿತ್ಯ ಮತ್ತು ರಾಗದ ಹಕ್ಕು ಒಂದು, ಗೇ ಅವರ ಮುದ್ರಣದ ಹಕ್ಕು ಇನ್ನೊಂದು. ನೀವೇ ನುಡಿಸಿ ಹಾಡಿದರೆ ಎರಡನೆಯದು ನಿಮಗೆ ತಾಗುವುದಿಲ್ಲ, ಮೊದಲನೆಯದು ತಾಗುತ್ತದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮು ಕವರ್ ಮುದ್ರಣಕ್ಕೆ ದಾರಿ ಕೊಡುತ್ತದೆ. ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಟ್ಟು ರಾಯಧನ ಮುಂಗಡ ಕಟ್ಟಬೇಕು, ಮೂಲ ಗಾಯಕರದೇ ಎಂಬ ಭ್ರಮೆ ಹುಟ್ಟಿಸುವ ಹೊದಿಕೆ ಇರಬಾರದು. ಆದರೆ ಅದರಲ್ಲಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಎಂಬ ಷರತ್ತಿದೆ. ಸಣ್ಣ ಬ್ಯಾಂಡಿಗೆ ಅದು ಹೊರೆ, ಪ್ರಕಾಶಕರಿಂದ ನೇರ ಪರವಾನಗಿ ಪಡೆಯುವುದೇ ಹಗುರ. ಕನ್ನಡಕ್ಕೆ ಅನುವಾದಿಸಿ ಹಾಡುವುದಾದರೆ ಅದು ಬೇರೆಯೇ ಅನುಮತಿ, ಈ ಕಲಮಿನಡಿ ಬರುವುದಿಲ್ಲ. ವಿಡಿಯೊಗೆ, ಚಿತ್ರದ ಜೊತೆ ಹಾಡು ಜೋಡಿಸುವ ಹಕ್ಕೂ ಬೇಕು. ಯೂಟ್ಯೂಬ್‌ನಲ್ಲಿ ಪ್ರಕಾಶಕರು ಕವರ್‌ಗಳನ್ನು ಗುರುತಿಸಿ ಜಾಹೀರಾತಿನ ಹಣ ತಾವು ಪಡೆಯುವುದು ರೂಢಿ. ತೆಗೆಸುವ ಅಧಿಕಾರವೂ ಅವರಿಗೆ ಉಳಿದಿರುತ್ತದೆ. ಹೋಟೆಲಿನಲ್ಲೋ ಸಭಾಂಗಣದಲ್ಲೋ ಹಾಡುವುದಾದರೆ, ಹಾಡು ಬರೆದವರ ಮತ್ತು ಪ್ರಕಾಶಕರ ಪರವಾಗಿ ರಾಯಧನ ವಸೂಲು ಮಾಡುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿ ಇದೆಯೇ ಎಂದು ಕಾರ್ಯಕ್ರಮ ನಡೆಸುವವರನ್ನು ಮುಂಚಿತವಾಗಿ ಕೇಳಿ. ಹಾಡಿನ ಕೆಳಗೆ ಬರೆದವರ ಹೆಸರು ಹಾಕುವಾಗ ಮಾರ್ವಿನ್ ಗೇ ಎಂದು ಹಾಕಬೇಡಿ. ನಾರ್ಮನ್ ವಿಟ್‌ಫೀಲ್ಡ್, ಬ್ಯಾರೆಟ್ ಸ್ಟ್ರಾಂಗ್ ಎಂದು ಹಾಕಿ.

ಇನ್ನು ಮುಗಿತಾಯ. ಗೇ ಅವರ ರೆಕಾರ್ಡು ಮುಗಿಯುವುದೇ ಇಲ್ಲ, ಪಲ್ಲವಿ ಸುತ್ತುತ್ತಲೇ ಸದ್ದು ಇಳಿದುಹೋಗುತ್ತದೆ. ವೇದಿಕೆಯಲ್ಲಿ ಅದು ಸಾಧ್ಯವಿಲ್ಲ, ಅಭ್ಯಾಸ ಮಾಡದ ಬ್ಯಾಂಡು ಅಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಎಡವುತ್ತದೆ. ಕೊನೆಯ ಪಲ್ಲವಿಯನ್ನು ನಾಲ್ಕು ಸಲ ಎಂದು ಗೊತ್ತುಮಾಡಿಕೊಳ್ಳಿ. ಎರಡನೆಯದಕ್ಕೆ ಕೀಬೋರ್ಡ್, ಗಿಟಾರ್ ನಿಲ್ಲಲಿ. ಮೂರನೆಯದಕ್ಕೆ ಡ್ರಮ್ಸ್ ನಿಲ್ಲಲಿ. ನಾಲ್ಕನೆಯದಕ್ಕೆ ಬೇಸ್ ಮತ್ತು ಹಿಂದನಿಗಳು ಮಾತ್ರ ಇರಲಿ, ಮುಖ್ಯ ಗಾಯಕ ಸುಮ್ಮನಾಗಲಿ. ಆಮೇಲೆ ಬೇಸ್ ಷಡ್ಜದಲ್ಲಿ ನಿಂತು, ಟ್ಯಾಂಬೊರಿನ್ ಒಂದೇ ನಾಲ್ಕು ಬಾರ್ ನುಡಿದು ನಿಲ್ಲಲಿ.